ಮಡಿಚುವ ಫೋನು ಕಲಿಸಿದ ಪಾಠ

ಇಂದು ನಮ್ಮ ಆದವಾನಿಯ ಹತ್ತಿ ಮಾರುಕಟ್ಟೆಯಲ್ಲಿ ಒಂದು ಸುತ್ತು ಹಾಕಿದರೆ, ಅಂಡಿಗೆ ಹೊರುವ ಹಮಾಲಿಯಿಂದ ಹಿಡಿದು ಮಂಡಿಯ ಸಾಹುಕಾರರವರೆಗೆ ಫೋನಿಲ್ಲದ ಕೈಯನ್ನು ಕಾಣುವುದು ಕಷ್ಟ. ಎಲ್ಲವೂ ಗಾಜಿನ ಪರದೆಯ ಫೋನುಗಳೇ. ಬೆರಳಿನಿಂದ ಸವರಿದರೆ ಸಾಕು, ಬೇಕಾದುದು ಕಣ್ಣ ಮುಂದೆ ಬರುತ್ತದೆ. ಆದರೆ ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಕೆಲವರ ಕಿಸೆಯಲ್ಲಿ ಬೇರೊಂದು ಬಗೆಯ ಫೋನು ಇರುತ್ತಿತ್ತು. ಎಲೆ ಅಡಿಕೆಯ ಡಬ್ಬಿಯಂತೆ ಅದರ ಮುಚ್ಚಳವನ್ನು ತೆರೆದು ಮಾತನಾಡಬೇಕು. ಮಾತು ಮುಗಿದ ಮೇಲೆ ‘ಟಪ್’ ಎಂದು ಮುಚ್ಚಬೇಕು. ಅದನ್ನು ಫ್ಲಿಪ್ ಫೋನು ಎಂದು ಕೆಲವರೂ, ಮಡಿಚುವ ಫೋನು ಎಂದು ಕೆಲವರೂ ಕರೆಯುತ್ತಿದ್ದರು.

ಅಂಥ ಫೋನು ಹೇಗೆ ಹುಟ್ಟಿತು, ಅದರೊಳಗೆ ಏನೇನು ಇತ್ತು, ಅದು ಕೆಟ್ಟಾಗ ಅಥವಾ ಅದನ್ನು ಬದಲಿಸುವಾಗ ನಾವು ಏನನ್ನು ಕಳೆದುಕೊಳ್ಳುತ್ತಿದ್ದೆವು ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸುವುದೇ ಈ ಲೇಖನದ ಉದ್ದೇಶ. ಹಳೆಯ ವಸ್ತುವಿನ ಕಥೆ ನಮಗೇಕೆ ಎನ್ನಬೇಡಿ. ಆ ಫೋನು ಕಲಿಸಿದ ಪಾಠ ನಿಮ್ಮ ಕೈಯಲ್ಲಿರುವ ಹೊಸ ಫೋನಿಗೂ ಅನ್ವಯಿಸುತ್ತದೆ.

ಇಟ್ಟಿಗೆಯಿಂದ ಡಬ್ಬಿಯವರೆಗೆ

ಕೈಯಲ್ಲಿ ಹಿಡಿದು ಮಾತನಾಡುವ ಫೋನಿನಿಂದ ಮೊದಲ ಕರೆ ಮಾಡಿದವರು ಮೋಟೊರೋಲಾ ಕಂಪನಿಯ ಇಂಜಿನಿಯರ್ ಮಾರ್ಟಿನ್ ಕೂಪರ್. 1973ರ ಏಪ್ರಿಲ್ 3ರಂದು ಅವರು ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಪ್ರತಿಸ್ಪರ್ಧಿ ಸಂಸ್ಥೆಯ ಇಂಜಿನಿಯರೊಬ್ಬರಿಗೆ ಫೋನು ಮಾಡಿದರು. ಆ ಯಂತ್ರದ ತೂಕ ಒಂದು ಕಿಲೋಗ್ರಾಂಗಿಂತ ಹೆಚ್ಚು. ಆಕಾರವೂ ಹೆಚ್ಚು ಕಡಿಮೆ ಇಟ್ಟಿಗೆಯದೇ. ಅದನ್ನು ಕಿಸೆಯಲ್ಲಿಡುವ ಮಾತೇ ಇರಲಿಲ್ಲ.

ಫೋನನ್ನು ಚಿಕ್ಕದು ಮಾಡಹೊರಟ ಇಂಜಿನಿಯರುಗಳಿಗೆ ಒಂದು ತೊಡಕು ಎದುರಾಯಿತು. ಯಂತ್ರ ಎಷ್ಟು ಚಿಕ್ಕದಾದರೂ ಮನುಷ್ಯನ ಕಿವಿಗೂ ಬಾಯಿಗೂ ಇರುವ ಅಂತರ ಚಿಕ್ಕದಾಗುವುದಿಲ್ಲವಲ್ಲ! ಇದಕ್ಕೆ ಕಂಡುಕೊಂಡ ಉಪಾಯವೇ ಮಡಿಕೆ. 1989ರಲ್ಲಿ ಬಂದ ಮೈಕ್ರೋಟ್ಯಾಕ್ ಎಂಬ ಫೋನಿನಲ್ಲಿ ಕೆಳಗಡೆ ಸಣ್ಣದೊಂದು ಮುಚ್ಚಳವಿತ್ತು. 1996ರ ಜನವರಿಯಲ್ಲಿ ಬಂದ ಸ್ಟಾರ್‌ಟ್ಯಾಕ್ ಫೋನು ಕಪ್ಪೆಚಿಪ್ಪಿನಂತೆ ಸರಿಯಾಗಿ ಎರಡು ಭಾಗಗಳಾಗಿ ತೆರೆದುಕೊಂಡಿತು. ಅದರ ತೂಕ ಕೇವಲ 88 ಗ್ರಾಂ. ಮುಂದೆ 2004ರಲ್ಲಿ ಬಂದ ರೇಜರ್ ಎಂಬ ಫೋನು ಮುಚ್ಚಿದಾಗ 14 ಮಿಲಿಮೀಟರಿಗಿಂತ ತೆಳ್ಳಗಿದ್ದು, ಜಗತ್ತಿನಾದ್ಯಂತ ಹತ್ತು ಕೋಟಿಗೂ ಮೀರಿ ಮಾರಾಟವಾಯಿತು.

ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ನಡೆದುದು 1995ರ ಜುಲೈ 31ರಂದು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಅವರೊಡನೆ ಮಾತನಾಡಿದರು. ಆಗ ಕರೆ ಮಾಡಿದವರಂತೆ ಕರೆ ಬಂದವರೂ ಹಣ ತೆರಬೇಕಾಗಿತ್ತು. 2003ರ ಮೇ 1ರಿಂದ ಕರೆ ಮಾಡಿದವರು ಮಾತ್ರ ಹಣ ಕೊಡುವ ಪದ್ಧತಿ ಬಂದಿತು. ಅದರ ನಂತರವೇ ನಮ್ಮಂಥ ಸಾಧಾರಣ ಮನೆಗಳಿಗೂ ಫೋನು ಕಾಲಿಟ್ಟಿತು ಎನ್ನಬಹುದು.

ಮುಚ್ಚಳದೊಳಗಿನ ಕೆಲಸ

ಮಡಿಚುವ ಫೋನಿನ ಕೆಳಭಾಗದಲ್ಲಿ ಗುಂಡಿಗಳು, ಬ್ಯಾಟರಿ, ಸಿಮ್ ಕಾರ್ಡು ಮತ್ತು ಮುಖ್ಯ ಯಂತ್ರಭಾಗ ಇರುತ್ತಿದ್ದವು. ಮೇಲಿನ ಮುಚ್ಚಳದಲ್ಲಿ ಪರದೆಯೂ ಕಿವಿಗೆ ಹಿಡಿಯುವ ಸಣ್ಣ ಸ್ಪೀಕರೂ ಇರುತ್ತಿದ್ದವು. ಮುಚ್ಚಿಟ್ಟಾಗ ಪರದೆಗೆ ಗೀರು ಬೀಳುತ್ತಿರಲಿಲ್ಲ. ಕಿಸೆಯಲ್ಲಿ ಗುಂಡಿ ಒತ್ತಿಹೋಗಿ ಯಾರಿಗೋ ಕರೆ ಹೋಗುವ ಭಯವೂ ಇರಲಿಲ್ಲ.

ಮುಚ್ಚಳ ತೆರೆದೊಡನೆ ಕರೆ ಸ್ವೀಕಾರವಾಗುವುದು, ಮುಚ್ಚಿದೊಡನೆ ಕಡಿದುಹೋಗುವುದು ನಮಗೆ ಮಾಯೆಯಂತೆ ಕಾಣುತ್ತಿತ್ತು. ಇದರ ಗುಟ್ಟು ಬಹಳ ಸರಳ. ಹಲವು ಫೋನುಗಳ ಮುಚ್ಚಳದಲ್ಲಿ ಒಂದು ಚಿಕ್ಕ ಅಯಸ್ಕಾಂತವೂ ಕೆಳಭಾಗದಲ್ಲಿ ಅದರ ಸಾಮೀಪ್ಯವನ್ನು ತಿಳಿಯುವ ಒಂದು ಭಾಗವೂ ಇರುತ್ತಿದ್ದವು. ಅಯಸ್ಕಾಂತ ಹತ್ತಿರವಿದ್ದರೆ ‘ಮುಚ್ಚಿದೆ’, ದೂರ ಸರಿದರೆ ‘ತೆರೆದಿದೆ’ ಎಂದು ಫೋನು ತಿಳಿಯುತ್ತಿತ್ತು. ವಿದ್ಯುತ್ ಹರಿಯುವ ವಾಹಕದ ಮೇಲೆ ಅಯಸ್ಕಾಂತದ ಪ್ರಭಾವವನ್ನು 1879ರಲ್ಲಿ ಎಡ್ವಿನ್ ಹಾಲ್ ಎಂಬ ವಿಜ್ಞಾನಿ ಕಂಡುಹಿಡಿದರು. ಅದೇ ತತ್ವ ನೂರು ವರ್ಷಗಳ ಮೇಲೆ ನಮ್ಮ ಕಿಸೆಯೊಳಗೆ ಕೆಲಸ ಮಾಡಿತು.

ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ಸಂಪರ್ಕ ಕಲ್ಪಿಸುತ್ತಿದ್ದುದು ಕೀಲಿನ ಮೂಲಕ ಹಾಯ್ದುಹೋಗುವ ಒಂದು ತೆಳ್ಳನೆಯ, ಬಾಗುವ ಪಟ್ಟಿ. ರಿಪೇರಿ ಅಂಗಡಿಗಳಲ್ಲಿ ಅದನ್ನು ‘ಸ್ಟ್ರಿಪ್’ ಎನ್ನುತ್ತಿದ್ದರು. ಅದರೊಳಗೆ ಕೂದಲಿನಂಥ ತಾಮ್ರದ ಗೆರೆಗಳು ಸಾಲಾಗಿರುತ್ತಿದ್ದವು. ಒಂದು ತಂತಿಯನ್ನು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಿದರೆ ಕೊನೆಗೆ ಅದು ತುಂಡಾಗುವುದನ್ನು ನೀವು ನೋಡಿದ್ದೀರಿ. ದಿನಕ್ಕೆ 50 ಸಲ ತೆರೆದು ಮುಚ್ಚಿದರೆ ವರ್ಷಕ್ಕೆ 18,250 ಸಲವಾಯಿತು! ಹೀಗೆ ಪಟ್ಟಿ ಸೀಳಿದಾಗ ಪರದೆ ಬೆಳ್ಳಗಾಗುತ್ತಿತ್ತು. ಕಿವಿಯ ಸ್ಪೀಕರೂ ಮೂಕವಾಗುತ್ತಿತ್ತು. ಯಾವ ಮಡಿಕೆಯಿಂದ ಫೋನು ಚಿಕ್ಕದಾಯಿತೋ ಆ ಮಡಿಕೆಯೇ ಅದರ ದುರ್ಬಲ ಜಾಗವೂ ಆಗಿತ್ತು.

ನಮ್ಮ ಮನೆಯ ಅನುಭವ

ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ, 2006ರ ಹತ್ತಿ ಸುಗ್ಗಿಯಲ್ಲಿ, ಅಪ್ಪ ಒಂದು ಸೆಕೆಂಡ್ ಹ್ಯಾಂಡ್ ಫ್ಲಿಪ್ ಫೋನು ತಂದರು. ಅವರು ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಹತ್ತಿಯ ಧಾರಣೆ ಕೇಳಲು ರೈತರು ಕೌತಾಳದಿಂದಲೂ ಕೋಸಿಗಿಯಿಂದಲೂ ಫೋನು ಮಾಡುತ್ತಿದ್ದರು. ಅಪ್ಪ ಪ್ರತಿ ಸಲವೂ ಮುಚ್ಚಳವನ್ನು ಠೀವಿಯಿಂದ ತೆರೆಯುತ್ತಿದ್ದುದನ್ನು ಕಂಡು ನಮಗೆಲ್ಲ ಹೆಮ್ಮೆಯೆನಿಸುತ್ತಿತ್ತು.

2008ರಲ್ಲಿ ಒಂದು ಸಂಜೆ ಆ ಫೋನಿನ ಪರದೆ ಬೆಳ್ಳಗಾಯಿತು. ಗಂಟೆ ಬಾರಿಸುತ್ತಿತ್ತು, ಆದರೆ ಮಾತು ಕೇಳುತ್ತಿರಲಿಲ್ಲ. ರಿಪೇರಿಯವನು ನೋಡಿ, “ಸ್ಟ್ರಿಪ್ ಹೋಗೈತಣ್ಣ, ಹೊರಗಿಂದ ತರಿಸಬೇಕು, ನಾಕು ದಿನ ಆಗ್ತೈತೆ” ಎಂದನು. ಅಪ್ಪ ಫೋನನ್ನು ಸಿಮ್ ಸಮೇತ ಅಲ್ಲಿಯೇ ಬಿಟ್ಟು ಬಂದರು.

ಅದೇ ವಾರ ಸಿರುಗುಪ್ಪದ ಕಡೆಗೆ ಕೊಟ್ಟಿದ್ದ ನಮ್ಮ ಅಕ್ಕನಿಗೆ ಎರಡನೆಯ ಹೆರಿಗೆಯ ದಿನಗಳು. ಭಾವನವರು ಒಂದು ತಿಂಗಳ ಹಿಂದಷ್ಟೇ ಹೊಸ ನಂಬರು ತೆಗೆದುಕೊಂಡಿದ್ದರು. ಆ ನಂಬರು ಅಪ್ಪನ ಫೋನಿನೊಳಗಲ್ಲದೆ ಬೇರೆಲ್ಲಿಯೂ ಇರಲಿಲ್ಲ. ಅಪ್ಪ ಮರುದಿನ ಅಂಗಡಿಗೆ ಹೋಗಿ ಸಿಮ್ ತೆಗೆಸಿ, ಪಕ್ಕದವರ ಫೋನಿಗೆ ಹಾಕಿ ನೋಡಿದರು. ಏಳೆಂಟು ಹಳೆಯ ಹೆಸರುಗಳಷ್ಟೇ ಕಂಡವು, ಭಾವನವರ ಹೆಸರಿರಲಿಲ್ಲ. ಪಕ್ಕದವರಿಗೆ ಅವರ ಫೋನು ಬೇಕಲ್ಲವೇ? ಸಿಮ್ಮನ್ನು ತೆಗೆದು ಕಿಸೆಯಲ್ಲಿಟ್ಟುಕೊಂಡು ಬಂದರು. ಅವ್ವ ಎರಡು ರಾತ್ರಿ ನಿದ್ರೆ ಮಾಡಲಿಲ್ಲ. ಮೂರನೆಯ ದಿನ ಮೊದಲ ಬಸ್ಸಿಗೆ ಅವ್ವ, ಅಪ್ಪ ಇಬ್ಬರೂ ಹೊರಟುಹೋದರು. ಅಲ್ಲಿಗೆ ಹೋಗಿ ನೋಡಿದರೆ ಮೊಮ್ಮಗಳು ಹುಟ್ಟಿ ಆಗಲೇ ಎರಡು ದಿನವಾಗಿತ್ತು. ಭಾವನವರು ಹತ್ತಾರು ಸಲ ಫೋನು ಮಾಡಿ, ‘ಸ್ವಿಚ್ ಆಫ್’ ಎಂಬ ಮಾತನ್ನೇ ಕೇಳಿ ಬೇಸತ್ತಿದ್ದರು. ತಾಯಿ ಮಗು ಕ್ಷೇಮವಾಗಿದ್ದುದು ನಮ್ಮ ಪುಣ್ಯ. ಆದರೆ ನೋವು ತಿನ್ನುವ ಹೊತ್ತಿನಲ್ಲಿ ಮಗಳ ಬಳಿ ತಾನಿರಲಿಲ್ಲವೆಂಬ ಕೊರಗು ಅವ್ವನಿಗೆ ಬಹಳ ಕಾಲ ಉಳಿಯಿತು.

ಸ್ಟ್ರಿಪ್ ಬದಲಾಯಿಸಿದ ಮೇಲೆ ನೋಡಿದರೆ ಎಲ್ಲ ನಂಬರುಗಳೂ ಫೋನಿನೊಳಗೆ ಹಾಗೆಯೇ ಇದ್ದವು!

ನಾಲ್ಕು ಬೇರೆ ಬೇರೆ ವಸ್ತುಗಳು

ಈ ತೊಂದರೆಗೆ ಮೂಲ ಕಾರಣ ನಮ್ಮ ಅಜ್ಞಾನ. ‘ಫೋನು’ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರಲ್ಲಿ ನಾಲ್ಕು ಬೇರೆ ಬೇರೆ ವಸ್ತುಗಳಿವೆ.

ಮೊದಲನೆಯದು ಸೆಟ್ಟು, ಅಂದರೆ ಯಂತ್ರ. ಪ್ರತಿ ಸೆಟ್ಟಿಗೂ 15 ಅಂಕಿಗಳ ಗುರುತಿನ ಸಂಖ್ಯೆಯೊಂದು ಇರುತ್ತದೆ. ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿದರೆ ಅದು ಪರದೆಯ ಮೇಲೆ ಕಾಣುತ್ತದೆ. ಫೋನು ಕಳುವಾದಾಗ ದೂರು ಕೊಡಲು ಈ ಸಂಖ್ಯೆ ಬೇಕು.

ಎರಡನೆಯದು ಸಿಮ್ ಕಾರ್ಡು. ಇದು ನಾವು ಯಾವ ಕಂಪನಿಯ ಗಿರಾಕಿ ಎಂಬುದನ್ನು ತಿಳಿಸುವ ಗುರುತಿನ ಚೀಟಿ. ಇದನ್ನು ತೆಗೆದು ಬೇರೆ ಸೆಟ್ಟಿಗೆ ಹಾಕಿದರೆ ನಮ್ಮ ನಂಬರು ಅದರ ಜೊತೆಗೆ ಹೋಗುತ್ತದೆ. ಆದರೆ ರಿಲಯನ್ಸ್ ಕಂಪನಿ 2003ರಲ್ಲಿ 501 ರೂಪಾಯಿಯ ಯೋಜನೆಯಲ್ಲಿ ಹಂಚಿದಂಥ ಸಿಡಿಎಂಎ ಫೋನುಗಳಲ್ಲಿ ಸಿಮ್ಮೇ ಇರಲಿಲ್ಲ. ನಂಬರು ಸೆಟ್ಟಿನೊಳಗೇ ಸೇರಿಕೊಂಡಿತ್ತು. ಸೆಟ್ಟು ಬದಲಿಸಬೇಕಾದರೆ ಕಂಪನಿಯವರ ಬಳಿಗೇ ಹೋಗಬೇಕಾಗಿತ್ತು.

ಮೂರನೆಯದು ನಂಬರು. ನಾಲ್ಕನೆಯದು, ನಾವು ಬರೆದಿಟ್ಟುಕೊಂಡ ಹೆಸರುಗಳು. ಈ ಹೆಸರುಗಳನ್ನು ಸಿಮ್ಮಿನಲ್ಲಿಯೂ ಇಡಬಹುದು, ಸೆಟ್ಟಿನಲ್ಲಿಯೂ ಇಡಬಹುದು. ಹಳೆಯ ಸಿಮ್ಮಿನಲ್ಲಿ ಹೆಚ್ಚೆಂದರೆ 250 ಹೆಸರುಗಳು ಹಿಡಿಯುತ್ತಿದ್ದವು. ಸೆಟ್ಟಿನಲ್ಲಿ ಇಟ್ಟವು ಸೆಟ್ಟಿನೊಡನೆಯೇ ಹೋಗುತ್ತಿದ್ದವು. ನಮ್ಮ ಅಪ್ಪನಿಗೆ ಗೊತ್ತಿರದಿದ್ದುದು ಇದೇ.

ಗಡಿ ದಾಟಿದ ನಂಬರು

ನಮ್ಮ ಸೀಮೆಯವರಿಗೆ ಇನ್ನೊಂದು ವಿಶೇಷ ತೊಡಕಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಸ್ಥಾಪನೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು ಮತ್ತು ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಸಿರುಗುಪ್ಪ, ಬಳ್ಳಾರಿ ಮೊದಲಾದವು ಮೈಸೂರಿಗೆ ಸೇರಿದವು. ಕೊಡುಕೊಳ್ಳುವ ಸಂಬಂಧಗಳು ಮಾತ್ರ ಎಂದಿನಂತೆ ಮುಂದುವರಿದವು. ಮೊಬೈಲ್ ಬಂದಾಗ ರಾಜ್ಯಗಳ ಈ ಗಡಿಯೇ ಫೋನಿನ ಗಡಿಯೂ ಆಯಿತು. ಬೀಗರ ಊರಿಗೆ ಹೋದರೆ ‘ರೋಮಿಂಗ್’. ಬಂದ ಕರೆಗೂ ಹಣ. 2007ರಲ್ಲಿ ಟ್ರಾಯ್ ಇದಕ್ಕೆ ನಿಮಿಷಕ್ಕೆ ಹೆಚ್ಚೆಂದರೆ 1.75 ರೂಪಾಯಿ ಎಂದು ಮಿತಿ ಹಾಕಿತು. 2013ರಲ್ಲಿ ಅದು 75 ಪೈಸೆಗೂ, 2015ರಲ್ಲಿ 45 ಪೈಸೆಗೂ ಇಳಿದು, ಈಗ ದೇಶದೊಳಗೆ ಅಂಥ ಹೊರೆ ಉಳಿದಿಲ್ಲ. ಅಂದಿನ ದಿನಗಳಲ್ಲಿ ಒಂದು ಮಿಸ್ಡ್ ಕಾಲ್ ಎಂದರೆ ‘ಸುಖವಾಗಿ ಮುಟ್ಟಿದೆ’ ಎಂದು ನಮ್ಮ ಮನೆಗಳಲ್ಲಿ ಅರ್ಥ.

ಗಡಿಯಾಚೆಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಆಂಧ್ರದ ನಂಬರನ್ನು ಬಿಟ್ಟು ಕರ್ನಾಟಕದ ಹೊಸ ನಂಬರು ತೆಗೆದುಕೊಳ್ಳುವುದು ಸಾಮಾನ್ಯವಾಗಿತ್ತು. ಹಳೆಯ ಗೆಳತಿಯರಿಗೆ ಆ ನಂಬರು ತಿಳಿಯದೆ ಎಷ್ಟೋ ಸ್ನೇಹಗಳು ಅಲ್ಲಿಗೇ ನಿಂತುಹೋದವು. ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ದೇಶಕ್ಕೆಲ್ಲ ಬಂದುದು 2011ರ ಜನವರಿ 20ರಂದು; ರಾಜ್ಯ ದಾಟಿದರೂ ಅದೇ ನಂಬರು ಇಟ್ಟುಕೊಳ್ಳುವ ಸೌಲಭ್ಯ 2015ರ ಜುಲೈ 3ರಂದು.

ಕನ್ನಡ ಅಕ್ಷರಕ್ಕೆ ಜಾಗವಿಲ್ಲದ ಕಾಲ

ಅಪ್ಪನ ಫೋನಿನಲ್ಲಿ ಕನ್ನಡ ಇರಲಿಲ್ಲ. ಎಲ್ಲ ಹೆಸರುಗಳನ್ನೂ ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕಾಗಿತ್ತು. ಅವ್ವ ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದವಳು. ಸ್ವಂತ ಮಗಳ ಹೆಸರು ಪರದೆಯ ಮೇಲೆ ಬಂದರೂ ಅವಳಿಗೆ ಓದಲಾಗುತ್ತಿರಲಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಒಂದು ಎಸ್‌ಎಂಎಸ್ ಸಂದೇಶದಲ್ಲಿ ಹಿಡಿಯುವುದು 1,120 ಬಿಟ್‌ಗಳು. ಇಂಗ್ಲಿಷ್ ಅಕ್ಷರ ಒಂದಕ್ಕೆ 7 ಬಿಟ್ ಸಾಕು. ಆದ್ದರಿಂದ 160 ಅಕ್ಷರಗಳು ಹಿಡಿಯುತ್ತವೆ. ಕನ್ನಡದ ಚಿಹ್ನೆ ಒಂದಕ್ಕೆ 16 ಬಿಟ್ ಬೇಕು. ಆದ್ದರಿಂದ 70 ಚಿಹ್ನೆಗಳಷ್ಟೇ ಹಿಡಿಯುತ್ತವೆ. ಅದರಲ್ಲಿಯೂ ‘ಕ್ಷೇಮ’ ಎಂಬ ಎರಡಕ್ಷರದ ಮಾತಿಗೆ ಒತ್ತಕ್ಷರ, ಸ್ವರಚಿಹ್ನೆ ಎಲ್ಲ ಸೇರಿ ಐದು ಚಿಹ್ನೆಗಳು. ಹೀಗೆ ಕನ್ನಡದಲ್ಲಿ ಕ್ಷೇಮ ತಿಳಿಸುವುದು ಇಂಗ್ಲಿಷಿಗಿಂತ ದುಬಾರಿಯಾಗಿತ್ತು!

ಹೆರಿಗೆಯ ಊರಿನಿಂದ ಮರಳಿ ಬಂದ ದಿನವೇ ಅವ್ವ ಒಂದು ಇಪ್ಪತ್ತು ಪುಟದ ನೋಟ್‌ಬುಕ್ ತರಿಸಿ, ಎಲ್ಲ ನಂಬರುಗಳನ್ನೂ ಕನ್ನಡದಲ್ಲಿ ಹೆಸರು ಸಹಿತ ಬರೆಸಿದಳು. ಬರೆದವನು ನಾನೇ. ಅಂದಿನಿಂದ ನಮ್ಮ ಮನೆಯಲ್ಲಿ ಐದಾರು ಫೋನುಗಳು ಬದಲಾಗಿವೆ. ಆ ನೋಟ್‌ಬುಕ್ ಮಾತ್ರ ದೇವರ ಗೂಡಿನ ಪಕ್ಕದಲ್ಲಿ ಇಂದಿಗೂ ಇದೆ.

ಹೊಸದನ್ನು ಕೊಳ್ಳುವ ಮುನ್ನ

ಮಡಿಚುವ ಫೋನು ಪೂರ್ತಿ ಮಾಯವಾಗಿಲ್ಲ. 2019ರಿಂದೀಚೆಗೆ ಪರದೆಯೇ ಮಡಿಚಿಕೊಳ್ಳುವ ಫೋನುಗಳು ಮಾರುಕಟ್ಟೆಗೆ ಬಂದಿವೆ; ಅವುಗಳ ಬೆಲೆ ಒಂದು ಜೊತೆ ಎತ್ತಿನ ಬೆಲೆಗೆ ಸಮನಾಗಿರುವುದೂ ಉಂಟು. ಅವುಗಳಲ್ಲಿಯೂ ಎಚ್ಚರಿಕೆಯಿಂದ ನೋಡಬೇಕಾದ ಜಾಗ ಅದೇ ಮಡಿಕೆ.

ಹೊಸ ಫೋನು ಬೇಕೆಂದು ಹಟ ಮಾಡುವ ಮುನ್ನ ವಿದ್ಯಾರ್ಥಿಗಳು ಯೋಚಿಸಬೇಕು: ಹಳೆಯದರಲ್ಲಿ ಕೆಟ್ಟಿರುವುದೇನು? ಬ್ಯಾಟರಿಯೋ, ಪರದೆಯೋ, ಅಥವಾ ನಮ್ಮ ಮನಸ್ಸೋ? ಬ್ಯಾಟರಿ ಬದಲಿಸಿದರೆ ಎಷ್ಟೋ ಫೋನುಗಳು ಇನ್ನೂ ಎರಡು ವರ್ಷ ಬಾಳುತ್ತವೆ. ಬದಲಿಸಲೇಬೇಕಾದರೆ ಹೆಸರುಗಳು ಎಲ್ಲಿವೆ ಎಂದು ಮೊದಲು ನೋಡಿರಿ. ಇಂದು ಅವು ಇಂಟರ್ನೆಟ್ಟಿನ ಖಾತೆಯಲ್ಲಿ ಇರುತ್ತವೆ, ನಿಜ. ಆದರೆ ಪಾಸ್‌ವರ್ಡ್ ಮರೆತರೆ ಅಪ್ಪನ ಬಿಳಿ ಪರದೆಯ ಸ್ಥಿತಿಯೇ ನಿಮಗೂ ಬಂದೀತು. ಹಳೆಯ ಫೋನನ್ನು ಕೊಡುವಾಗ ಅದರಲ್ಲಿರುವ ಚಿತ್ರ, ಸಂದೇಶಗಳನ್ನು ಅಳಿಸಿ ಕೊಡಿರಿ. ಕೆಟ್ಟ ಬ್ಯಾಟರಿಯನ್ನು ಒಲೆಗಾಗಲಿ ತಿಪ್ಪೆಗಾಗಲಿ ಎಸೆಯಬೇಡಿರಿ. ಅದು ಸಿಡಿಯಬಹುದು, ಮಣ್ಣು ನೀರನ್ನೂ ಕೆಡಿಸುತ್ತದೆ.

ಕೊನೆಯದಾಗಿ ಒಂದು ಕೆಲಸ. ಈ ಸಂಚಿಕೆಯನ್ನು ಮುಚ್ಚಿಟ್ಟೊಡನೆ ಒಂದು ಹಾಳೆ ತೆಗೆದುಕೊಂಡು, ನಿಮಗೆ ಅತ್ಯಂತ ಬೇಕಾದ ಹತ್ತು ಜನರ ನಂಬರುಗಳನ್ನು ಕನ್ನಡದಲ್ಲಿ ಬರೆದು, ಮನೆಯ ಹಿರಿಯರ ಕೈಗೆ ಸಿಗುವಲ್ಲಿ ಅಂಟಿಸಿರಿ. ಎರಡು ಮೂರು ನಂಬರುಗಳನ್ನಾದರೂ ಬಾಯಿಪಾಠ ಮಾಡಿರಿ. ಫೋನುಗಳು ಬರುತ್ತವೆ, ಹೋಗುತ್ತವೆ. ನಮ್ಮವರು ಮಾತ್ರ ಸದಾ ಕೂಗಳತೆಯಲ್ಲಿರಬೇಕು.