ಗುಂಯ್‌ಗುಟ್ಟುವ ಗ್ರಾಮಫೋನು

ಹಳೆಯ ಧ್ವನಿಮುದ್ರಿಕೆಯೊಂದನ್ನು ಟರ್ನ್‌ಟೇಬಲ್ಲಿನ ಮೇಲಿರಿಸಿ ಆಲಾಪನೆಗೆ ಕಿವಿಗೊಟ್ಟಾಗ, ಗಾಯಕನು ಉಸಿರೆಳೆದುಕೊಳ್ಳುವ ಬಿಡುವಿನಲ್ಲಿ ‘ಗುಂಯ್’ ಎಂಬ ಸದ್ದು ಕೇಳಿಬರುವುದುಂಟು. ತಂಬೂರಿಯಂತೆ ಎಡೆಬಿಡದೆ ನುಡಿಯುವ ಈ ಸದ್ದು ಸಾಮಾನ್ಯವಾಗಿ ಮುದ್ರಿಕೆಯಲ್ಲಿರುವುದಿಲ್ಲ. ಮನೆಯ ವಿದ್ಯುತ್ತಿನಿಂದ ಬಂದಿರುತ್ತದೆ. ಅದು ಹಾಡಿನೊಳಗೆ ನುಸುಳುವ ಬಗೆ ಹೇಗೆ?

ನಮ್ಮ ಮನೆಗಳಿಗೆ ಬರುವ 230 ವೋಲ್ಟಿನ ಪರ್ಯಾಯ ಪ್ರವಾಹವು ಸೆಕೆಂಡಿಗೆ 50 ಆವರ್ತಗಳನ್ನು ಪೂರೈಸುತ್ತದೆ. ಅದು ಹರಿಯುವ ತಂತಿ, ಮೋಟಾರು, ಟ್ರಾನ್ಸ್‌ಫಾರ್ಮರುಗಳ ಸುತ್ತ ಕಾಂತಕ್ಷೇತ್ರವೂ ಅದೇ ಲಯದಲ್ಲಿ ಬದಲಾಗುತ್ತಿರುತ್ತದೆ. ಬದಲಾಗುವ ಕಾಂತಕ್ಷೇತ್ರವು ತಂತಿಯ ಸುರುಳಿಯಲ್ಲಿ ವಿದ್ಯುತ್ತನ್ನು ಪ್ರೇರಿಸುವುದೆಂದು ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟನು. ಮುಳ್ಳಿನ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಕಾಂತೀಯ ಕಾರ್ಟ್ರಿಜ್ಜಿನಲ್ಲಿಯೂ ಅಂಥ ಸುರುಳಿಯೇ ಇದೆ. ಹಾಡು ಹುಟ್ಟುವ ತತ್ತ್ವದಿಂದಲೇ ಗುಂಯ್‌ಕಾರವೂ ಹುಟ್ಟಬಲ್ಲುದು!

ಹಾಡಿನ ವಿದ್ಯುತ್ತಾದರೋ ಬಲು ಕ್ಷೀಣ. ಸುಮಾರು 5 ಮಿಲಿವೋಲ್ಟ್ ಮಾತ್ರ. ಫೋನೋ ವರ್ಧಕವು ಇದನ್ನು ಸುಮಾರು 100 ಪಟ್ಟು ಹೆಚ್ಚಿಸುತ್ತದೆ. ಇಷ್ಟೇ ಅಲ್ಲ. ಮುದ್ರಿಕೆಯ ಗೀರು ಅತಿಯಾಗಿ ಓಲಾಡಿ ಪಕ್ಕದ ಗೀರನ್ನು ಮುಟ್ಟದಿರಲೆಂದು ಮುದ್ರಿಸುವಾಗ ಮಂದ್ರಧ್ವನಿಗಳನ್ನು ಕುಗ್ಗಿಸಿರುತ್ತಾರೆ. ನುಡಿಸುವಾಗ ಅವನ್ನು ಮತ್ತೆ ಹಿಗ್ಗಿಸಬೇಕು. ಆದುದರಿಂದ 50 ಆವರ್ತದ ಧ್ವನಿಗೆ 1,000 ಆವರ್ತದ ಧ್ವನಿಗಿಂತ ಸುಮಾರು 7 ಪಟ್ಟು ಹೆಚ್ಚು ವರ್ಧನೆ, ಎಂದರೆ ಒಟ್ಟು 700 ಪಟ್ಟು ದೊರೆಯುತ್ತದೆ. ಕರೆಯದೆ ಬಂದ ಗುಂಯ್‌ಕಾರಕ್ಕೂ ಇದೇ ಸತ್ಕಾರ!

ಇನ್ನು ಕಾರಣವನ್ನು ಪತ್ತೆಹಚ್ಚೋಣ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುವುದು ಪ್ರಯೋಗಶಾಲೆಯ ನಿಯಮ. ಇಲ್ಲಿಯೂ ಅದೇ ನಮಗೆ ದಾರಿದೀಪ. ಮೊದಲು ವರ್ಧಕವನ್ನು ರೇಡಿಯೋ ಮುಂತಾದ ಬೇರೊಂದು ಮೂಲಕ್ಕೆ ತಿರುಗಿಸೋಣ. ಸದ್ದು ಅಡಗಿದರೆ ದೋಷವು ಟರ್ನ್‌ಟೇಬಲ್ಲು ಮತ್ತು ಫೋನೋ ಭಾಗದ ಕಡೆಗಿದೆಯೆಂದು ತಿಳಿಯಬಹುದು. ಬಳಿಕ ಮೋಟಾರು ತಿರುಗುತ್ತಿರುವಾಗಲೇ, ಮುಳ್ಳನ್ನು ತಟ್ಟೆಗೆ ತಾಗಿಸದೆ ತೋಳನ್ನು ಮೆಲ್ಲಗೆ ಅತ್ತಿತ್ತ ಸರಿಸೋಣ. ಸ್ಥಾನಕ್ಕೆ ತಕ್ಕಂತೆ ಸದ್ದು ಏರಿಳಿದರೆ ಹತ್ತಿರದ ಮೋಟಾರು ಇಲ್ಲವೆ ಟ್ರಾನ್ಸ್‌ಫಾರ್ಮರಿನ ಮೇಲೆ ಸಂದೇಹ ಪಡಬೇಕು. ವರ್ಧಕವನ್ನು ಒಂದೆರಡು ಅಡಿ ದೂರ ಸರಿಸುವುದರಿಂದಲೇ ಎಷ್ಟೋ ವೇಳೆ ತೊಂದರೆ ನೀಗುತ್ತದೆ.

ಲೋಹದ ತೋಳನ್ನು ಬೆರಳಿನಿಂದ ಮುಟ್ಟಿದಾಗ ಸದ್ದು ಬದಲಾದರೆ, ಟರ್ನ್‌ಟೇಬಲ್ಲಿನಿಂದ ವರ್ಧಕದ ತಿರುಪಿಗೆ ಬರುವ ತೆಳುವಾದ ಭೂತಂತಿಯು ಸಡಿಲವಾಗಿರಬಹುದು. ಒಂದು ಬದಿಯ ಧ್ವನಿವರ್ಧಕದಲ್ಲಿ ಮಾತ್ರ ಸದ್ದಿದ್ದರೆ, ಕಾರ್ಟ್ರಿಜ್ಜಿನ ಹಿಂದಿನ ನಾಲ್ಕು ಸಣ್ಣ ತಂತಿಗಳನ್ನು ಪರೀಕ್ಷಿಸಬೇಕು. ಬಿಗಿ ಮಾಡುವ ಮುನ್ನ ವಿದ್ಯುತ್ತನ್ನು ಆರಿಸಿರುವುದು ಕ್ಷೇಮ.

ಉಪಕರಣಗಳು ಎರಡು ಬೇರೆ ದಾರಿಗಳಿಂದ ಭೂಮಿಯನ್ನು ಸೇರಿದರೆ ಆ ದಾರಿಗಳೇ ಒಂದು ದೊಡ್ಡ ಕುಣಿಕೆಯಾಗುತ್ತವೆ; ಫ್ಯಾರಡೆಯ ನಿಯಮವು ಅದಕ್ಕೂ ಅನ್ವಯಿಸುತ್ತದೆ. ಎಲ್ಲವನ್ನೂ ಒಂದೇ ಪ್ಲಗ್ ಹಲಗೆಗೆ ಜೋಡಿಸಿದರೆ ಕುಣಿಕೆಯು ಕಿರಿದಾಗುತ್ತದೆ. ಕೆಲವರು ಪ್ಲಗ್ಗಿನ ಮೂರನೆಯ ದಪ್ಪ ಪಿನ್ನನ್ನೇ ಕಿತ್ತುಹಾಕುತ್ತಾರೆ. ಸದ್ದು ಅಡಗೀತು, ನಿಜ. ಆದರೆ ಮುಂದೆಂದಾದರೂ ಒಳಗಿನ ತಂತಿಯೊಂದು ಕಳಚಿ ಹೊರಗಿನ ಲೋಹದ ಪೆಟ್ಟಿಗೆಗೆ ತಗುಲಿದರೆ, ಅಲ್ಲಿ 230 ವೋಲ್ಟು ಹೊಂಚುಹಾಕಿ ಕುಳಿತಿರುತ್ತದೆ. ಮುಟ್ಟಿದವನ ದೇಹವೇ ಭೂಮಿಗೆ ದಾರಿಯಾಗುತ್ತದೆ. ಗುಂಯ್‌ಕಾರವು ಕಿವಿಗೆ ಕಿರಿಕಿರಿ. ಭೂಸಂಪರ್ಕವಿಲ್ಲದ ಪೆಟ್ಟಿಗೆಯು ಪ್ರಾಣಕ್ಕೇ ಸಂಚಕಾರ.