ಸಿಂಹಾಸನವಾದ ಮೋಟಾರು

ಹೈದರಾಬಾದಿನ ಚಾರ್‌ಮಿನಾರಿಗೆ ಅನತಿ ದೂರದಲ್ಲಿ, ಚೌಮಹಲ್ಲಾ ಅರಮನೆಯಲ್ಲಿ, ಹಳದಿ ಬಣ್ಣದ ಮೋಟಾರೊಂದು ನಿಂತಿದೆ. ಬೀದರಿನಿಂದಲೋ ಭಾಲ್ಕಿ, ಔರಾದಿನ ಕಡೆಯಿಂದಲೋ ರಾಜಧಾನಿಯನ್ನು ಕಾಣಲು ಹೋದವರು ಅದರ ಮುಂದೆ ಕ್ಷಣಕಾಲ ನಿಲ್ಲದೆ ಇರಲಾರರು. ಮೋಟಾರುಗಳಲ್ಲಿ ಇರುವಂತೆ ಇದರಲ್ಲಿ ಸಾಲು ಆಸನಗಳಿಲ್ಲ. ಹಿಂಬದಿಯಲ್ಲಿ ಒಬ್ಬರಿಗೇ ಮೀಸಲಾದ ಎತ್ತರದ ಪೀಠವಿದೆ. ಗಾಲಿಗಳ ಮೇಲೆ ಏರಿಸಿದ ಸಿಂಹಾಸನವೆಂದರೆ ಇದೇ.

ಇದು ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಸಂಸ್ಥೆಯ ‘ಸಿಲ್ವರ್ ಘೋಸ್ಟ್’. ಬೆಳ್ಳಿಯ ಭೂತ ಎಂದು ಹೆಸರಿನ ಅರ್ಥ. ಆರನೆಯ ನಿಜಾಮರಾದ ಮಹಬೂಬ್ ಅಲಿ ಖಾನರು ಇದಕ್ಕೆ ಬೇಡಿಕೆ ಕಳುಹಿಸಿದರು. ಆದರೆ ಅದರಲ್ಲಿ ಕುಳಿತುಕೊಳ್ಳುವ ಯೋಗ ಅವರಿಗಿರಲಿಲ್ಲ. ೧೯೧೧ರ ಆಗಸ್ಟಿನಲ್ಲಿ ಅವರು ಕಾಲವಶರಾದರು. ೧೯೧೨ರ ಈ ಬಂಡಿ ಅವರ ಪುತ್ರ, ಏಳನೆಯ ಹಾಗೂ ಕೊನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರ ಪಾಲಿಗೆ ಬಂದಿತು. ಆಗ ಬೀದರ್ ಜಿಲ್ಲೆಯ ಪ್ರಜೆಗಳಿಗೂ ಅವರೇ ದೊರೆಗಳು.

ಯಂತ್ರದ ಮರ್ಮ

ಈ ಬಂಡಿಯ ಹಿರಿಮೆ ಅದರ ಹಳದಿ ಬಣ್ಣದಲ್ಲಿಯೂ ಇಲ್ಲ, ಚಿನ್ನದ ಲೇಪದಲ್ಲಿಯೂ ಇಲ್ಲ. ಮುಚ್ಚಳದ ಕೆಳಗೆ ಅಡಗಿರುವ ಯಂತ್ರವೇ ಅದರ ನಿಜವಾದ ಸಿರಿ.

ಅದನ್ನು ರೂಪಿಸಿದ ಹೆನ್ರಿ ರಾಯ್ಸ್ ಬಡತನದಲ್ಲಿ ಬೆಳೆದವನು. ಜನನ ೧೮೬೩ರಲ್ಲಿ. ಬಾಲ್ಯದಲ್ಲಿ ಪತ್ರಿಕೆಗಳನ್ನು ಮಾರಿದನು. ರೈಲ್ವೆ ಕಾರ್ಖಾನೆಯಲ್ಲಿ ಉಮೇದುವಾರನಾಗಿ ಸೇರಿ, ಹಣವಿಲ್ಲದೆ ಅರ್ಧಕ್ಕೇ ಬಿಟ್ಟನು. ಮುಂದೆ ಕೊಂಡ ಫ್ರೆಂಚ್ ಮೋಟಾರಿನ ಕೆಲಸ ಮನಸ್ಸಿಗೆ ಒಪ್ಪದೆ, ತಾನೇ ಒಂದನ್ನು ಕಟ್ಟಲು ಕುಳಿತನು. ೧೯೦೪ರ ಮೇ ತಿಂಗಳಲ್ಲಿ ಶ್ರೀಮಂತ ಮನೆತನದ ಚಾರ್ಲ್ಸ್ ರೋಲ್ಸನ ಭೇಟಿಯಾಯಿತು. ಒಬ್ಬನು ಮಾಡುವವನು, ಮತ್ತೊಬ್ಬನು ಮಾರುವವನು. ಎರಡು ಹೆಸರುಗಳು ಸೇರಿ ಒಂದಾದುದು ಹೀಗೆ.

ಆರು ಸಿಲಿಂಡರುಗಳ ಯಂತ್ರಗಳಿಗೆ ಆ ಕಾಲದಲ್ಲಿ ಒಂದು ಕೆಟ್ಟ ಹೆಸರಿತ್ತು. ಎಲ್ಲ ಸಿಲಿಂಡರುಗಳ ಬಲವನ್ನೂ ಹೊರಬೇಕಾದ ಉದ್ದನೆಯ ಉಕ್ಕಿನ ದಂಡವು, ಅಂದರೆ ಕ್ರ್ಯಾಂಕ್ ಶಾಫ್ಟು, ತಿರುಗುವಾಗ ಹಿಂಡಿದ ಬಟ್ಟೆಯಂತೆ ನುಲಿದು ಬಿಚ್ಚಿಕೊಂಡು ನಡುಗುತ್ತಿತ್ತು. ಕೆಲವೊಮ್ಮೆ ಮುರಿದೇ ಹೋಗುತ್ತಿತ್ತು. ರಾಯ್ಸನು ಆರು ಸಿಲಿಂಡರುಗಳನ್ನು ಮೂರು ಮೂರರ ಎರಡು ಗುಂಪುಗಳಾಗಿ ಎರಕ ಹೊಯ್ದನು. ದಂಡದ ಮುಂದಿನ ಅರ್ಧಕ್ಕೆ ಹಿಂದಿನ ಅರ್ಧ ಕನ್ನಡಿಯ ಬಿಂಬದಂತಿರುವ ಹಾಗೆ ಜೋಡಿಸಿದನು. ದಂಡವನ್ನು ದಪ್ಪ ಮಾಡಿ ಏಳು ಬೇರಿಂಗುಗಳ ಆಸರೆ ಕೊಟ್ಟನು. ಆ ಬೇರಿಂಗುಗಳಿಗೆಲ್ಲ ಒತ್ತಡದಿಂದ ಎಣ್ಣೆ ಹರಿಯುವಂತೆ ಏರ್ಪಡಿಸಿದನು. ಒಂದು ತುದಿಯ ಅಲುಗಾಟವನ್ನು ಮತ್ತೊಂದು ತುದಿಯ ಅಲುಗಾಟ ಅಳಿಸಿತು. ಸದ್ದು ಅಡಗಿತು. ಬಂಡಿಗೆ ಭೂತವೆಂಬ ಹೆಸರು ಬಂದುದು ಈ ನಿಃಶಬ್ದ ಸಂಚಾರದಿಂದಲೇ. ಬೆಳ್ಳಿ ಬಂದುದು ೧೯೦೭ರ ಮೊದಲ ಪ್ರದರ್ಶನ ಬಂಡಿಯ ಬೆಳ್ಳಿ ಬಣ್ಣದಿಂದ.

ಅದೇ ವರ್ಷ ಆ ಬಂಡಿಯನ್ನು ಲಂಡನ್–ಗ್ಲಾಸ್ಗೊ ದಾರಿಯಲ್ಲಿ ಹಗಲಿರುಳೂ ಓಡಿಸಿದರು. ಯಂತ್ರದೋಷದಿಂದ ಒಮ್ಮೆಯೂ ನಿಲ್ಲದೆ ಅದು ೧೪,೩೭೧ ಮೈಲಿ ಕ್ರಮಿಸಿತು. ೧೫,೦೦೦ ಮೈಲಿ ಮುಗಿದ ಮೇಲೆ ಪರೀಕ್ಷಕರು ಯಂತ್ರವನ್ನು ಬಿಚ್ಚಿ, ಸವೆದ ಭಾಗಗಳನ್ನು ಹೊಸದಾಗಿ ಹಾಕಲು ತಗಲುವ ವೆಚ್ಚವನ್ನು ಲೆಕ್ಕ ಹಾಕಿದರು. ಬಂದ ಮೊತ್ತ ೨ ಪೌಂಡು, ೨ ಶಿಲ್ಲಿಂಗು, ೭ ಪೆನ್ಸು!

ಹಾಗೆಂದು ಅದು ದೋಷವೇ ಇಲ್ಲದ ಯಂತ್ರವಾಗಿರಲಿಲ್ಲ. ೧೯೧೨ರ ಆಲ್ಪ್ಸ್ ಪರ್ವತದ ಸ್ಪರ್ಧೆಯಲ್ಲಿ ಮೂರು ಗೇರುಗಳ ಘೋಸ್ಟ್ ಕಡಿದಾದ ಏರಿನಲ್ಲಿ ನಿಂತುಬಿಟ್ಟಿತು. ಸಂಸ್ಥೆಯವರು ನೆಪ ಹುಡುಕಲಿಲ್ಲ. ನಾಲ್ಕು ಗೇರುಗಳ ಬಂಡಿ ಕಟ್ಟಿ, ಮರುವರ್ಷ ಅದೇ ಪರ್ವತಗಳಲ್ಲಿ ಕೀರ್ತಿ ಗಳಿಸಿದರು. ಮುಂದಿನ ಗಾಲಿಗಳಿಗೆ ಬ್ರೇಕು ಬಂದುದಂತೂ ಇನ್ನೂ ಹತ್ತು ವರ್ಷಗಳ ಅನಂತರ.

ಒಡಲು ಬೇರೆ, ಉಡುಪು ಬೇರೆ

ರೋಲ್ಸ್ ರಾಯ್ಸ್ ಸಂಸ್ಥೆ ಆಗ ಮಾರುತ್ತಿದ್ದುದು ಯಂತ್ರ, ಚೌಕಟ್ಟು, ಗಾಲಿಗಳನ್ನು ಮಾತ್ರ. ಇದರ ಬೆಲೆಯೇ ೯೮೫ ಪೌಂಡು. ಮೈಯನ್ನು ಕಟ್ಟುವವರು ಸಾರೋಟು ಕಟ್ಟಿ ಪಳಗಿದ ಬೇರೆ ಕುಶಲರು. ನಿಜಾಮರ ಬಂಡಿಯ ಮೈ ಲಂಡನ್ನಿನ ಬಾರ್ಕರ್ ಸಂಸ್ಥೆಯ ಕೆಲಸ. ಅಸಫ್ ಜಾಹಿ ಧ್ವಜದ ಹಳದಿಯೇ ಬಂಡಿಯ ಬಣ್ಣವಾಯಿತು. ಲೋಹದ ಭಾಗಗಳಿಗೆ ಚಿನ್ನದ ಲೇಪ ಬಂದಿತು. ದೊರೆಯ ಆಸನ ಪೀಠವಾಯಿತು.

ಸಾದಾ ಲೋಹದ ಮೇಲೆ ಬೆಲೆಬಾಳುವ ಲೋಹದ ಕುಸುರಿಯೆಂದರೆ ಬೀದರಿನವರಿಗೆ ಹೊಸತೇನಲ್ಲ. ಬಿದರಿಯ ಹೂಜಿ, ಹುಕ್ಕಾಗಳ ಒಡಲು ಸತುವಿಗೆ ತುಸು ತಾಮ್ರ ಬೆರೆಸಿದ ಅಗ್ಗದ ಲೋಹ. ಅದರಲ್ಲಿ ಚಿತ್ತಾರ ಕೊರೆದು, ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿ, ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ತಿಕ್ಕುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಕಪ್ಪಾಗದೆ ಹೊಳೆಯುತ್ತದೆ. ಈ ಕಲೆಗೆ ೨೦೦೬ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ೨೦೨೩ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು. ಡರ್ಬಿಯ ಕಮ್ಮಟದಲ್ಲಾಗಲಿ ಬೀದರಿನ ಗಲ್ಲಿಯಲ್ಲಾಗಲಿ ನಡೆದುದು ಒಂದೇ ಧರ್ಮ: ಬೆಲೆ ಲೋಹದಲ್ಲಿಲ್ಲ, ಕೈಯ ತಾಳ್ಮೆಯಲ್ಲಿದೆ. ಒಂದು ವ್ಯತ್ಯಾಸವುಂಟು. ಬಿದರಿಯಲ್ಲಿ ಕೆಲಸವೆಲ್ಲ ಹೊರಗೇ ಕಾಣುತ್ತದೆ. ಸಿಂಹಾಸನದ ಬಂಡಿಯಲ್ಲಿ ಕಣ್ಣಿಗೆ ಬೀಳುವುದು ಚಿನ್ನ; ಮೆಚ್ಚಬೇಕಾದ ಕೆಲಸ ಮುಚ್ಚಿಯೇ ಇದೆ.

ಓಡದ ರಥ, ಓಡಿದ ಬಸ್ಸು

ನಿಲ್ಲದೆ ಸಾವಿರಾರು ಮೈಲಿ ಓಡಲೆಂದು ಹುಟ್ಟಿದ ಯಂತ್ರಕ್ಕೆ ಹೈದರಾಬಾದಿನಲ್ಲಿ ದೊರೆತ ಕೆಲಸವೇನು? ದರ್ಬಾರಿನ ಮೆರವಣಿಗೆಯಲ್ಲಿ ಆನೆಯ ಹೆಜ್ಜೆಯಿಂದ ಸಾಗುವುದು. ಉಳಿದಂತೆ ಲಾಯದಲ್ಲಿ ನಿಲ್ಲುವುದು. ೧೯೩೭ರಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆ ಜಗತ್ತಿನ ಅತ್ಯಂತ ಸಿರಿವಂತರೆಂದು ಮುಖಪುಟದಲ್ಲಿ ಚಿತ್ರಿಸಿದ ಉಸ್ಮಾನ್ ಅಲಿ ಖಾನರು ದಿನಬಳಕೆಗೆ ಇಟ್ಟುಕೊಂಡುದು ಒಂದು ಹಳೆಯ ಫೋರ್ಡ್ ಬಂಡಿಯನ್ನು. ಅವರ ಮಿತವ್ಯಯ ಮನೆಮಾತಾಗಿತ್ತು.

ಇತ್ತ ಮಾಂಜ್ರಾ ನದಿಯ ಸೀಮೆಯಲ್ಲಿ, ಭಾಲ್ಕಿ, ಔರಾದುಗಳ ಎರೆಭೂಮಿಯಲ್ಲಿ, ರೈತನ ವಾಹನವೆಂದರೆ ದೇವಣಿ ಎತ್ತುಗಳ ಬಂಡಿಯೇ. ಮಳೆ ಹಿಡಿದರೆ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಬಿಡುವುದಿಲ್ಲ. ಬಂಡಿ ಹೂತ ಕಡೆ ಹೆಗಲು ಕೊಟ್ಟು ಎತ್ತಬೇಕು. ಬೀದರ್ ಇಲ್ಲಿಗೆ ಇಂದಿನ ರಸ್ತೆಯಲ್ಲಿ ಸುಮಾರು ೪೦ ಕಿಲೋಮೀಟರ್. ಅಂದಿನ ರೈತನಿಗೆ ಅದು ದಿನದ ಪ್ರಯಾಣ. ಹೆರಿಗೆಯ ನೋವು ತಿನ್ನುವ ಹೆಂಗಸಿಗೆ, ಜ್ವರ ಏರಿದ ಮಗುವಿಗೆ ಅದು ಬಹಳ ದೂರ. ಭೂಕಂದಾಯ ತೆತ್ತವರು ಇವರು. ಸಿಂಹಾಸನದ ಬಂಡಿಯ ನುಣುಪಾದ ಸವಾರಿ ಇವರ ಪಾಲಿಗೆ ಕೇಳಿದ ಕಥೆಯೂ ಆಗಿರಲಿಲ್ಲ.

ಆದರೆ ನಿಜಾಮರ ಸರಕಾರ ಮೋಟಾರಿನಿಂದ ಪ್ರಜೆಗಳಿಗೆ ಏನೂ ಮಾಡಲಿಲ್ಲವೆಂದರೆ ಅನ್ಯಾಯವಾದೀತು. ೧೯೩೨ರ ಜೂನಿನಲ್ಲಿ ಅದರ ರೈಲ್ವೆ ಇಲಾಖೆಯ ಅಂಗವಾಗಿ ಸಾರ್ವಜನಿಕ ಬಸ್ಸುಗಳ ಸಂಚಾರ ಆರಂಭವಾಯಿತು. ಇದ್ದುದು ೨೭ ಬಸ್ಸುಗಳು, ೧೬೬ ಮಂದಿ ನೌಕರರು. ಆ ಕಾಲದ ಆಲ್ಬಿಯನ್ ಬಸ್ಸುಗಳು ತಯಾರಾಗುತ್ತಿದ್ದುದು, ಘೋಸ್ಟ್ ತನ್ನ ಪರೀಕ್ಷೆಯಲ್ಲಿ ಹೋಗಿ ಮುಟ್ಟಿದ ಅದೇ ಗ್ಲಾಸ್ಗೊ ನಗರದಲ್ಲಿ. ಆ ಬಸ್ಸುಗಳಲ್ಲಿ ಮೌನವಿರಲಿಲ್ಲ, ಮೆತ್ತೆಯ ಸುಖವೂ ಇರಲಿಲ್ಲ. ಟಿಕೆಟು ಕೊಂಡವನು ಯಾರಾದರೂ ಕೂರಬಹುದೆಂಬುದೇ ಅವುಗಳ ವೈಭವ.

೧೯೪೮ರ ಸೆಪ್ಟೆಂಬರ್ ೧೭ರಂದು ನಿಜಾಮರ ಆಳ್ವಿಕೆಗೆ ತೆರೆಬಿದ್ದಿತು. ೧೯೫೬ರ ನವೆಂಬರ್ ೧ರಂದು ಬೀದರ್, ಭಾಲ್ಕಿ, ಔರಾದುಗಳು ಮೈಸೂರು ರಾಜ್ಯವನ್ನು, ಅಂದರೆ ಇಂದಿನ ಕರ್ನಾಟಕವನ್ನು, ಸೇರಿದವು. ಹೈದರಾಬಾದಿನ ಮೆರವಣಿಗೆಗಳು ನಿಂತವು. ಇಲ್ಲಿಯ ಬಸ್ಸುಗಳು ಹೆಸರು ಬದಲಿಸಿ ಓಡುತ್ತಲೇ ಇವೆ. ಈಗ ಅವುಗಳ ಮೇಲಿರುವುದು ಕಲ್ಯಾಣ ಕರ್ನಾಟಕ ಸಾರಿಗೆಯ ಹೆಸರು.

ದೊರೆಯ ಮೋಟಾರು ವಸ್ತುಸಂಗ್ರಹದ ಪಾಲಾದುದಕ್ಕೆ ಯಾರೂ ಮರುಗಬೇಕಾಗಿಲ್ಲ. ಮರುಗುವುದಿದ್ದರೆ ಅಂಥ ಉತ್ತಮ ಯಂತ್ರಕ್ಕೆ ತಕ್ಕ ಕೆಲಸ ಸಿಗದೆ ಹೋದುದಕ್ಕೆ ಮರುಗಬೇಕು. ಚೌಮಹಲ್ಲಾಕ್ಕೆ ಹೋದವರು ಹಳದಿ ಮೈಯನ್ನೂ ಎತ್ತರದ ಪೀಠವನ್ನೂ ಧಾರಾಳವಾಗಿ ನೋಡಲಿ. ನೋಡಿ ಮುಗಿದ ಮೇಲೆ, ಪತ್ರಿಕೆ ಮಾರುತ್ತಿದ್ದ ಹುಡುಗನು ದೊಡ್ಡವನಾಗಿ ಏಳು ಬೇರಿಂಗುಗಳ ಮೇಲೆ ಕೂರಿಸಿದ ಆ ಉಕ್ಕಿನ ದಂಡವನ್ನೂ ಒಮ್ಮೆ ನೆನೆದರೆ, ಆ ಬಂಡಿಯ ಮರ್ಯಾದೆ ಬಂಡಿಗೆ ಸಂದಂತಾಗುತ್ತದೆ.