ತೋಟದ ನೆರಳಿಗೆ ಯಾವ ಲೆನ್ಸ್?

ಹಕ್ಕಿ ಫೋಟೋ ತೆಗೆಯುವ ಕೃಷಿಕರು ಈಗ ಊರಿಗೆ ಒಬ್ಬರಾದರೂ ಇದ್ದಾರೆ. ಮೊಬೈಲಿನಲ್ಲಿ ಸುರು ಮಾಡಿ, ಮತ್ತೆ ಒಂದು ಕ್ಯಾಮರಾ ಕೊಂಡು, ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಉದ್ದದ ಲೆನ್ಸ್ ಯಾವುದು ತರುವುದು? ಕಳೆದ ವರ್ಷ ನೆರೆಮನೆಯ ಹುಡುಗ ಕೇಳಿದ, "ಅಣ್ಣಾ, ದಾಸ್ತಾನಿಟ್ಟ ಚಾಲಿಯಲ್ಲಿ ನಾಲ್ಕು ಚೀಲ ಮಾರಿ 600 ಎಂಎಂ ಲೆನ್ಸ್ ತರ್ತೇನೆ, ಆಗಬಹುದಾ?" ನಾಲ್ಕು ಚೀಲ ಅಡಿಕೆ ಅಂದರೆ ತಮಾಷೆಯಲ್ಲ. ಮಳೆಗಾಲದ ಖರ್ಚು, ಮದ್ದು ಬಿಡುವವರ ಸಂಬಳ ಎಲ್ಲ ಅದರಲ್ಲೇ ಆಗಬೇಕು. ಹಾಗಾಗಿ ಅವನಿಗೆ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಅಂಗಡಿಯವರು, ವಿಡಿಯೋದಲ್ಲಿ ಲೆನ್ಸ್ ಪರೀಕ್ಷೆ ಮಾಡಿ ತೋರಿಸುವವರು ಹೆಚ್ಚಾಗಿ ಹೇಳುವುದು ಬಯಲಿನ ಲೆಕ್ಕ. ಕೆರೆ, ಬೆಳ್ಳಕ್ಕಿ, ತಲೆ ಮೇಲೆ ಬಿಸಿಲು. ನಮ್ಮ ಹಕ್ಕಿಗಳು ಇರುವುದು ಅಡಿಕೆ ತೋಟದ ಒಳಗೆ, ತೋಡಿನ ಬದಿಯಲ್ಲಿ, ಗುಡ್ಡೆಯ ಕಾಡಿನ ಅಂಚಿನಲ್ಲಿ. ಚಳಿಗಾಲಕ್ಕೆ ಬರುವ ನವರಂಗ ಕಣಿಯಲ್ಲಿ ತರಗೆಲೆ ಮಗುಚಿ ಹುಳ ಹೆಕ್ಕುವುದು ಬೆಳಗ್ಗೆ ಏಳಕ್ಕೆ ಮೊದಲು, ಸಂಜೆ ಐದೂವರೆ ಮೇಲೆ. ಬೆಳಕು ಚೆನ್ನಾಗಿರುವ ಹೊತ್ತಿಗೆ ಅದು ಎಲ್ಲೋ ಪೊದೆಯ ಅಡಿಯಲ್ಲಿ ಸುಮ್ಮನೆ ಕೂತಿರ್ತದೆ.

ಬೆಳಕು ಎಷ್ಟು ಕಡಿಮೆ?

ಕಣ್ಣು ನಮಗೆ ಮೋಸ ಮಾಡ್ತದೆ. ತೋಟದೊಳಗೆ ಹೊಕ್ಕು ಎರಡು ನಿಮಿಷ ಕಳೆದರೆ ಎಲ್ಲ ಸ್ಪಷ್ಟ ಕಾಣ್ತದೆ, ಕ್ಯಾಮರಾಕ್ಕೆ ಹಾಗಲ್ಲ. ಒಳ್ಳೆ ಬಿಸಿಲಿನ ಬಯಲಿನಲ್ಲಿ ಐಎಸ್‌ಒ 100 ಇಟ್ಟು ಎಫ್ 5.6ರಲ್ಲಿ ತೆಗೆದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು ಶಟರ್ ತೆರೆದರೆ ಸಾಕು. ಮೋಡದ ದಿನ ಬೆಳಗ್ಗೆ ನಮ್ಮ ತೋಟದ ಒಳಗೆ ನನಗೆ ಸಿಗುವುದು ಐಎಸ್‌ಒ 3200 ಇಟ್ಟರೂ ಅರುವತ್ತರಲ್ಲೊಂದು ಪಾಲು. ಎರಡನ್ನೂ ಕೂಡಿಸಿ ಲೆಕ್ಕ ಹಾಕಿ: ತೋಟದ ಬೆಳಕು ಬಯಲಿನ ಬೆಳಕಿನ ಐನೂರರಲ್ಲೊಂದು ಪಾಲು ಮಾತ್ರ. ಮೂಡಿಗೆರೆಯಲ್ಲಿ ಕಾಫಿ ಬೆಳೆಗಾರರೂ ಆಗಿದ್ದ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಫೋಟೋಕ್ಕೆ ತೊಡಗಿದ್ದು ಫಿಲ್ಮಿನ ಕಾಲದಲ್ಲಿ. ಆಗಿನ ಹೆಸರುವಾಸಿ ಸ್ಲೈಡ್ ಫಿಲ್ಮು ಕೊಡಾಕ್ರೋಮ್ 64. ಹೆಸರಿನಲ್ಲೇ ಉಂಟು, ಅದರ ಐಎಸ್‌ಒ ಬರೇ 64. ರೋಲಿಗೆ ಮೂವತ್ತಾರು ಫೋಟೋ. ಅದನ್ನು ನೆನೆಸಿದರೆ ನಾವು ಅದೃಷ್ಟವಂತರು.

ಎಫ್ ಅಂದರೆ ಎಂತ

ಲೆನ್ಸಿನ ಮೇಲೆ ಎರಡು ಸಂಖ್ಯೆ ಇರ್ತದೆ. 300 ಎಂಎಂ, 600 ಎಂಎಂ ಅನ್ನುವುದು ದೂರದ ವಸ್ತುವನ್ನು ಎಷ್ಟು ದೊಡ್ಡದಾಗಿ ತೋರಿಸ್ತದೆ ಎಂಬ ಲೆಕ್ಕ. ಎಫ್ 4, ಎಫ್ 6.3 ಅನ್ನುವುದು ಬೆಳಕು ಬರುವ ಬಾಗಿಲಿನ ಲೆಕ್ಕ. ಎಂಎಂ ಅನ್ನು ಎಫ್‌ನಿಂದ ಭಾಗಿಸಿದರೆ ಬಾಗಿಲಿನ ಅಗಲ ಸಿಗ್ತದೆ. 300 ಎಂಎಂ ಎಫ್ 4 ಆದರೆ 75 ಮಿಲಿಮೀಟರ್. ಎಫ್ ಸಂಖ್ಯೆ ಸಣ್ಣದಾದಷ್ಟೂ ಬೆಳಕು ಜಾಸ್ತಿ, ಇದು ಮೊದಮೊದಲು ಎಲ್ಲರಿಗೂ ಗೊಂದಲ.

ನೀರಾವರಿ ಪೈಪು ಹಾಕಿದವರಿಗೆ ಇದು ಬೇಗ ಅರ್ಥ ಆಗ್ತದೆ. ಒಂದಿಂಚು ಪೈಪಿನ ಬದಲು ಎರಡಿಂಚು ಹಾಕಿದರೆ ಬಾಯಿಯ ವಿಸ್ತಾರ ಎರಡು ಪಾಲಲ್ಲ, ನಾಲ್ಕು ಪಾಲು. ಇಲ್ಲಿಯೂ ಹಾಗೆಯೇ. ಎಫ್ 5.6ರಿಂದ ಎಫ್ 4ಕ್ಕೆ ಬಂದರೆ ಬೆಳಕು ಇಮ್ಮಡಿ. ಎಫ್ 6.3ರಿಂದ ಎಫ್ 4ಕ್ಕೆ ಬಂದರೆ ಎರಡೂವರೆ ಪಾಲು. ನಾನು ಹೇಳಿದ ಮೋಡದ ಬೆಳಗ್ಗೆ ಎಫ್ 5.6ರಲ್ಲಿ ಅರುವತ್ತರಲ್ಲೊಂದು ಪಾಲು ಸಿಕ್ಕಿತಲ್ಲ, ಎಫ್ 6.3ರಲ್ಲಿ ಅದು ಐವತ್ತರಲ್ಲೊಂದು, ಎಫ್ 4ರಲ್ಲಿ ನೂರಿಪ್ಪತ್ತೈದರಲ್ಲೊಂದು, ಎಫ್ 11ರಲ್ಲಿ ಹದಿನೈದರಲ್ಲೊಂದು. ಹದಿನೈದರಲ್ಲೊಂದು ಪಾಲಿನಲ್ಲಿ ಬಾಲ ಕುಣಿಸುವ ಮಡಿವಾಳ ಹಕ್ಕಿಯ ಬಾಲ ಬರುವುದಿಲ್ಲ, ಬರೇ ಹೊಗೆ ಬರ್ತದೆ.

ಕೈ ನಡುಕಕ್ಕೆ ಲೆನ್ಸಿನೊಳಗೇ ವ್ಯವಸ್ಥೆ ಉಂಟಲ್ಲ ಎಂದು ಕೇಳಬಹುದು. ಕ್ಯಾನನ್ನಿನವರು ಐಎಸ್ ಅಂತಾರೆ, ನಿಕಾನಿನವರು ವಿಆರ್. ಬಹಳ ಒಳ್ಳೆಯದು, ಇರಲೇಬೇಕು. ಆದರೆ ಅದು ನಿಲ್ಲಿಸುವುದು ನಮ್ಮ ಕೈಯನ್ನು. ಹಕ್ಕಿಯ ಕುತ್ತಿಗೆಯನ್ನು ನಿಲ್ಲಿಸುವುದು ಅದರಿಂದಾಗುವುದಿಲ್ಲ.

ಹಾಗಾದರೆ 300 ಎಫ್ 4 ಒಳ್ಳೆಯದು, 600 ಎಫ್ 6.3 ಕೆಟ್ಟದ್ದು ಎಂದಾಯಿತೇ? ಅಷ್ಟು ಸಸಾರ ಅಲ್ಲ. ಇಬ್ಬರೂ ಒಂದೇ ಜಾಗದಲ್ಲಿ ಕೂತು ಒಂದೇ ಹಕ್ಕಿಯ ಫೋಟೋ ತೆಗೆದರು ಎಂದಿಟ್ಟುಕೊಳ್ಳಿ. 300ರಲ್ಲಿ ಹಕ್ಕಿ ಸಣ್ಣದು. ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ಕತ್ತರಿಸಿ ದೊಡ್ಡದು ಮಾಡಿದರೆ ಕಾಳುಕಾಳು ಕೂಡಾ ದೊಡ್ಡದಾಗ್ತದೆ. ಒಂದು ಹಕ್ಕಿಯಿಂದ ಹೊರಟ ಬೆಳಕಿನಲ್ಲಿ ಎಷ್ಟು ನಮ್ಮ ಕ್ಯಾಮರಾಕ್ಕೆ ಬಂತು ಎಂಬುದನ್ನು ತೀರ್ಮಾನಿಸುವುದು ಬಾಗಿಲಿನ ಅಗಲ. 600 ಎಫ್ 6.3ರ ಬಾಗಿಲು 95 ಮಿಲಿಮೀಟರ್. 300 ಎಫ್ 4ರದ್ದು 75. ಅಂದರೆ ದೂರ ಒಂದೇ ಆಗಿ, ಶಟರೂ ಒಂದೇ ಆದರೆ ದೊಡ್ಡ ಲೆನ್ಸೇ ಮೇಲು. 400 ಎಫ್ 5.6ರದ್ದು 71, ಅಂದರೆ 300 ಎಫ್ 4ರ ಹತ್ತಿರ ಹತ್ತಿರ. 600 ಎಫ್ 11ರದ್ದು ಬರೇ 55. ಲೆನ್ಸ್ ಹೋಲಿಸುವಾಗ ಈ ಒಂದು ಭಾಗಾಕಾರ ಮಾಡಿ ನೋಡಿ, ಜಾಹೀರಾತಿನ ಅರ್ಧ ಮಾತು ಉದುರಿ ಹೋಗ್ತದೆ.

ಇನ್ನು 600 ಎಫ್ 4 ಎಂಬುದುಂಟು. ಬಾಗಿಲು 150 ಮಿಲಿಮೀಟರ್. ನಮ್ಮ ನೆರಳಿಗೆ ಹೇಳಿ ಮಾಡಿಸಿದ್ದು. ಹೊಸದರ ಬೆಲೆ ಹತ್ತು ಲಕ್ಷದ ಮೇಲೆ, ಹಳೆ ಜೀಪು ತೆಗೆದು ಬಾಕಿ ದುಡ್ಡಿನಲ್ಲಿ ಪಂಪುಸೆಟ್ಟು ಹಾಕಬಹುದು. ಅದರ ಸುದ್ದಿ ಇಲ್ಲಿಗೇ ಬಿಡುವ.

ದೂರ ಕಮ್ಮಿ ಮಾಡಿದರೆ

ಕೃಷಿಕನಿಗೆ ಒಂದು ಅನುಕೂಲ ಉಂಟು. ಪೇಟೆಯಿಂದ ಬರುವ ಫೋಟೋಗ್ರಾಫರಿಗೆ ಅದು ಇಲ್ಲ. ಹಕ್ಕಿ ಎಲ್ಲಿ ಬರ್ತದೆ, ಎಷ್ಟು ಹೊತ್ತಿಗೆ ಬರ್ತದೆ, ಯಾವ ಗೂಟದ ಮೇಲೆ ಕೂರ್ತದೆ ಎಂದು ನಮಗೆ ಗೊತ್ತು. ನಾಳೆಯೂ ಬರ್ತದೆ, ನಾವೂ ಇಲ್ಲೇ ಇರ್ತೇವೆ.

ನವರಂಗದ ಉದ್ದ ಸುಮಾರು 19 ಸೆಂಟಿಮೀಟರ್. 10 ಮೀಟರ್ ದೂರದಿಂದ 600 ಎಂಎಂನಲ್ಲಿ ತೆಗೆದರೆ ಕ್ಯಾಮರಾದೊಳಗೆ ಅದರ ಬಿಂಬ 11 ಮಿಲಿಮೀಟರ್ ಚಿಲ್ಲರೆ. ಸಾಮಾನ್ಯ ಎಪಿಎಸ್-ಸಿ ಕ್ಯಾಮರಾದ ಸೆನ್ಸರ್ ಅಗಲ 23 ಮಿಲಿಮೀಟರ್ ಆಸುಪಾಸು, ಅಂದರೆ ಅರ್ಧ ಚಿತ್ರ ತುಂಬುವಷ್ಟು. ಈಗ 5 ಮೀಟರಿಗೆ ಬನ್ನಿ. 300 ಎಂಎಂನಲ್ಲೇ ಅಷ್ಟೇ ದೊಡ್ಡ ಬಿಂಬ ಸಿಗ್ತದೆ! ಅದೂ ಎಫ್ 4ರಲ್ಲಿ, ಎರಡೂವರೆ ಪಾಲು ಬೆಳಕಿನಲ್ಲಿ. ನಡುವಿನ ಗಾಳಿ, ಮಂಜು, ಅಡ್ಡ ಬರುವ ಹುಲ್ಲುಕಡ್ಡಿಯೂ ಅರ್ಧಕ್ಕೆ ಇಳಿಯಿತು.

ಐದು ಮೀಟರಿಗೆ ಹಕ್ಕಿ ಬರಬೇಕಾದರೆ ಮರೆ ಬೇಕು. ನಾನು ಕಣಿಯ ಬದಿಯಲ್ಲಿ ನಾಲ್ಕು ಅಡಿಕೆ ಸಲಾಕೆ ಊರಿ, ನರ್ಸರಿಯ ಹಳೆ ಹಸುರು ನೆರಳುಬಲೆ ಎರಡು ಸುತ್ತು ಕಟ್ಟಿ, ಹೊರಗಿನಿಂದ ಸೋಗೆ ಒರಗಿಸಿದ್ದೇನೆ. ಒಂದು ವಾರ ಅದನ್ನು ಹಾಗೇ ಬಿಡಬೇಕು, ಹಕ್ಕಿಗೆ ಅದು ತೋಟದ್ದೇ ಒಂದು ಭಾಗ ಅನಿಸಬೇಕು. ಆಮೇಲೆ ಕತ್ತಲಿರುವಾಗಲೇ ಹೋಗಿ ಕೂರುವುದು. ಸ್ಪ್ರಿಂಕ್ಲರ್ ತಿರುಗಿಸಿದ ಮರುದಿನ ಒದ್ದೆ ತರಗೆಲೆಯಲ್ಲಿ ಹುಳಹುಪ್ಪಟೆ ಜಾಸ್ತಿ, ಹಕ್ಕಿಯೂ ಜಾಸ್ತಿ. ಗೂಡಿನ ಹತ್ತಿರ ಮಾತ್ರ ಮರೆ ಕಟ್ಟಬೇಡಿ. ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವುದೂ ಬೇಡ. ನಮ್ಮ ತೋಟದ ಹುಳ ತಿನ್ನುವ ಆಳುಗಳನ್ನು ನಾವೇ ಓಡಿಸಿದ ಹಾಗೆ.

ಮರೆ ಕಟ್ಟಲು ಮನಸ್ಸಿಲ್ಲ, ನಡೆದಾಡುವಾಗ ಸಿಕ್ಕಿದ್ದನ್ನು ತೆಗೆಯುವುದು ಎನ್ನುವವರಿಗೆ, ಮಂಗಟ್ಟೆ, ಕುಟ್ರದಂತಹ ಮರದ ತುದಿಯ ಹಕ್ಕಿಗಳ ಹಿಂದೆ ಬಿದ್ದವರಿಗೆ, 300 ಸಾಕಾಗುವುದಿಲ್ಲ. ಅವರಿಗೆ ಉದ್ದದ ಝೂಮೇ ಆಗಬೇಕು. ತುದಿಯಲ್ಲಿ ಬೆಳಕೂ ಇರ್ತದೆ.

ಯಾವುದು ತರಬಹುದು

ಕಂಪೆನಿಗಳ ಗಮನ ಮಿರರ್‌ಲೆಸ್ ಕ್ಯಾಮರಾಗಳ ಕಡೆ ತಿರುಗಿದ ಮೇಲೆ ಹಳೆ ಡಿಎಸ್‌ಎಲ್‌ಆರ್ ಲೆನ್ಸುಗಳು ಸೆಕೆಂಡ್ ಹ್ಯಾಂಡ್ ಪೇಟೆಗೆ ತುಂಬಾ ಬಂದಿವೆ. ಸಣ್ಣ ಕೃಷಿಕರು ನೋಡಬೇಕಾದ್ದು ಅಲ್ಲಿ. ಕ್ಯಾನನ್ 300 ಎಫ್ 4 ಐಎಸ್ 1997ರಲ್ಲಿ ಬಂದದ್ದು, ಒಂದೂವರೆ ಮೀಟರಿಗೆ ಬಂದ ಹಕ್ಕಿಯನ್ನೂ ಹಿಡೀತದೆ. ಅದೇ ಕಂಪೆನಿಯ 400 ಎಫ್ 5.6 ಹಗುರ, 1.25 ಕಿಲೊ, ಚಿತ್ರ ಬಹಳ ಚೊಕ್ಕ. ಆದರೆ ನಡುಕ ತಡೆಯುವ ವ್ಯವಸ್ಥೆ ಅದರಲ್ಲಿ ಇಲ್ಲವೇ ಇಲ್ಲ, ಹತ್ತಿರದ ಮಿತಿ ಮೂರೂವರೆ ಮೀಟರ್. ಬಯಲಿಗೆ ಸರಿ, ತೋಟಕ್ಕೆ ನಾನು ಹೇಳುವುದಿಲ್ಲ. ನಿಕಾನಿನವರಿಗೆ 2015ರ 300 ಎಫ್ 4 ಪಿಎಫ್ ಉಂಟು, ತೂಕ ಬರೇ 755 ಗ್ರಾಂ, ಕುತ್ತಿಗೆಗೆ ಹಾಕಿಕೊಂಡು ಹುಲ್ಲು ಮಾಡಬಹುದು. ನಿಕಾನ್ 200-500 ಕೊನೆಯವರೆಗೂ ಎಫ್ 5.6 ಇರ್ತದೆ. ಝೂಮಿನಲ್ಲಿ ಇದು ದೊಡ್ಡ ಗುಣ. ತೂಕ ಮಾತ್ರ 2.3 ಕಿಲೊ. ಸಿಗ್ಮಾ, ಟಾಮ್ರಾನಿನ 150-600ಗಳು ಉದ್ದ ಎಳೆದ ಹಾಗೆ ಕಿರಿದಾಗಿ ಎಫ್ 6.3ಕ್ಕೆ ಬಂದು ನಿಲ್ತವೆ, ತೂಕ ಎರಡು ಕಿಲೊ ಆಸುಪಾಸು.

ಕ್ಯಾನನ್ 2020ರಲ್ಲಿ ತಂದ 600 ಎಫ್ 11 ಒಂದು ಕಿಲೊಗಿಂತ ಕಡಿಮೆ ತೂಕದ್ದು, ಅಗ್ಗದ್ದು ಎಂದು ಕೆಲವರು ತರ್ತಾರೆ. ಗದ್ದೆ ಬಯಲಿನವರಿಗೆ ಚಂದ. ಅದರ ಹತ್ತಿರದ ಮಿತಿ ನಾಲ್ಕೂವರೆ ಮೀಟರ್. ಅಡಿಕೆ ತೋಟದವರು ಅದಕ್ಕೆ ದುಡ್ಡು ಹಾಕಬಾರದು ಎಂದೇ ನನ್ನ ಅಭಿಪ್ರಾಯ.

ಟೆಲಿಕನ್ವರ್ಟರ್ ಹಾಕಿ 300ನ್ನು 420 ಮಾಡಬಹುದಲ್ಲ ಎನ್ನುವವರಿಗೆ: 1.4 ಪಟ್ಟಿನದ್ದು ಹಾಕಿದರೆ ಬೆಳಕು ಅರ್ಧ, 2 ಪಟ್ಟಿನದ್ದು ಹಾಕಿದರೆ ಕಾಲು. ಎಫ್ 4ಕ್ಕೆ 1.4 ಸೇರಿಸಿದರೆ ಎಫ್ 5.6 ಆಗ್ತದೆ, ಅದು ನಡೀತದೆ. ಎಫ್ 6.3ಕ್ಕೆ ಸೇರಿಸಿದರೆ ಎಫ್ 9. ಹಳೆ ಡಿಎಸ್‌ಎಲ್‌ಆರ್‌ಗಳಲ್ಲಿ ಆಟೋಫೋಕಸ್ ಅಲ್ಲಿಗೆ ಕೈ ಎತ್ತಿ ಬಿಡ್ತದೆ. ಮುಂದೆ ಮಿರರ್‌ಲೆಸ್‌ಗೆ ಹೋಗುವ ಆಲೋಚನೆ ಇದ್ದರೆ ಇನ್ನೊಂದು ಮಾತು. ಕ್ಯಾನನ್ ಇಎಫ್ ಲೆನ್ಸುಗಳು ಅವರದೇ ಅಡಾಪ್ಟರಿನಲ್ಲಿ ಮೊದಲಿನಂತೆ ಕೆಲಸ ಮಾಡ್ತವೆ. ನಿಕಾನಿನ ಎಫ್‌ಟಿಜೆಡ್ ಅಡಾಪ್ಟರಿನಲ್ಲಿ, ಒಳಗೆ ಮೋಟಾರಿಲ್ಲದ ಹಳೆ ಎಎಫ್-ಡಿ ಲೆನ್ಸಿಗೆ ಆಟೋಫೋಕಸ್ ಇಲ್ಲ.

ನೆರೆಮನೆಯ ಹುಡುಗನಿಗೆ ನಾನು ಹೇಳಿದ್ದಿಷ್ಟೆ: ಲೆನ್ಸಿಗೆ ಮೊದಲು ಮರೆ ಕಟ್ಟು, ಹಕ್ಕಿ ಎಷ್ಟು ದೂರ ಕೂರ್ತದೆ ಅಂತ ಟೇಪು ಹಿಡಿದು ಅಳೆ. ಅಳೆದ. ಆರು ಮೀಟರ್. ಎರಡು ಚೀಲ ಮಾತ್ರ ಮಾರಿ ಹಳೆ 300 ಎಫ್ 4 ತಂದ. ಬಾಕಿ ಎರಡು ಚೀಲ ಗೋದಾಮಿನಲ್ಲೇ ಉಂಟು, ದರ ನೋಡಿ ಕೊಡ್ತಾನಂತೆ.

ದುಡ್ಡಿಲ್ಲದೆ ಸಿಗುವ ಬೆಳಕು

ಕೈಯಲ್ಲಿ ಹಿಡಿಯುವ ಬದಲು ಲೆನ್ಸನ್ನು ಎಲ್ಲಾದರೂ ಒರಗಿಸಿದರೆ ಶಟರ್ ನಿಧಾನ ಮಾಡಬಹುದು. ಹಳೆ ಪ್ಯಾಂಟಿನ ಕಾಲು ಕತ್ತರಿಸಿ ಹೊಲಿದು, ಮುಕ್ಕಾಲು ಭತ್ತ ತುಂಬಿಸಿ ಚೀಲ ಮಾಡಿ. ಉಮಿ ತುಂಬಿಸಬೇಡಿ, ತೂಕ ಸಾಲದು. ಕಲ್ಲಿನ ಮೇಲೆ ಆ ಚೀಲ, ಅದರ ಮೇಲೆ ಲೆನ್ಸ್. ಹಕ್ಕಿ ಕುತ್ತಿಗೆ ತಿರುಗಿಸಿ ನಿಲ್ಲಿಸಿದ ಕ್ಷಣ ಐದಾರು ಫೋಟೋ ಒಟ್ಟಿಗೆ ಹೊಡೆಯಿರಿ. ಅರುವತ್ತರಲ್ಲೊಂದು ಪಾಲಿನಲ್ಲೂ ಒಂದಾದರೂ ಸ್ಪಷ್ಟ ಬರ್ತದೆ.

ಜೆಪೆಗ್ ಬದಲು ರಾ ಫೈಲಿನಲ್ಲಿ ತೆಗೆಯಿರಿ. ಕಾಳುಕಾಳು ತೆಗೆಯುವ ತಂತ್ರಾಂಶಗಳು ಈಗ ಬಹಳ ಮುಂದುವರಿದಿವೆ. 2023ರಲ್ಲಿ ಲೈಟ್‌ರೂಮಿಗೂ ಎಐ ಡಿನಾಯ್ಸ್ ಸೇರಿತು. ಐಎಸ್‌ಒ 6400ಕ್ಕೆ ಹೆದರುವ ಕಾಲ ಹೋಯಿತು. ಕಾಳು ತೆಗೆಯಬಹುದು, ಅಲುಗಾಡಿದ್ದನ್ನು ಸರಿ ಮಾಡುವುದು ಕಷ್ಟ. ಆದ್ದರಿಂದ ಐಎಸ್‌ಒ ಏರಿಸಿ, ಶಟರ್ ಉಳಿಸಿಕೊಳ್ಳಿ.

ಬೂಸಲು

ಸೆಕೆಂಡ್ ಹ್ಯಾಂಡ್ ತರುವಾಗ ಲೆನ್ಸಿನ ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಟಾರ್ಚು ಹಾಕಿ ಓರೆಯಾಗಿ ನೋಡಿ. ಜೇಡನ ನೂಲಿನ ಹಾಗೆ ಕಂಡರೆ ಅದು ಬೂಸಲು. ಎಷ್ಟು ಅಗ್ಗವಾದರೂ ಬೇಡ. ಧೂಳಿನ ನಾಲ್ಕು ಕಣ ಇದ್ದರೆ ಚಿಂತೆ ಇಲ್ಲ. ಫೋಕಸ್ ಮಾಡುವಾಗ ಕಿರಿಕಿರಿ ಸದ್ದು ಬಂದರೆ, ಐಎಸ್ ಹಾಕಿದಾಗ ಚಿತ್ರ ಜಿಗಿದರೆ ಬಿಟ್ಟುಬಿಡಿ. ಹಳೆ ಲೆನ್ಸುಗಳಿಗೆ ಬಿಡಿಭಾಗ ಸಿಗುವುದು ಕಷ್ಟ.

ತಂದ ಮೇಲೆ ನಮ್ಮ ಮಳೆಗಾಲ. ಜೂನಿನಿಂದ ಅಕ್ಟೋಬರ್‌ವರೆಗೆ ಚರ್ಮದ ಚೀಲ, ಬಟ್ಟೆಯ ಬ್ಯಾಗು ಎರಡರಲ್ಲೂ ಲೆನ್ಸ್ ಇಡಬೇಡಿ, ತೇವ ಹಿಡಿದುಕೊಳ್ತವೆ. ಅಡಿಕೆ ಒಣಗಿಸುವ ಹೊಗೆಯ ಕೋಣೆಯೂ ಬೇಡ. ರಬ್ಬರು ಬಾಯಿಯ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅದರಲ್ಲಿ ಕಾಲು ಕಿಲೊ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ. ಮುಳ್ಳು 40ರಿಂದ 50ರ ಒಳಗೆ ನಿಲ್ಲಬೇಕು. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಬೇರೆ ಬಾಣಲೆಯಲ್ಲಿ, ಅಡುಗೆಯದ್ದರಲ್ಲಿ ಅಲ್ಲ, ಸಣ್ಣ ಉರಿಯಲ್ಲಿ ನೀಲಿ ಆಗುವವರೆಗೆ ಬಿಸಿ ಮಾಡಿ, ಪೂರ್ತಿ ತಣಿದ ಮೇಲೆ ಡಬ್ಬಕ್ಕೆ ಹಾಕಿ. ತೋಟದಿಂದ ಒದ್ದೆಯಾಗಿ ಬಂದ ಲೆನ್ಸನ್ನು ನೇರ ಡಬ್ಬಕ್ಕೆ ಹಾಕದೆ, ಒರೆಸಿ, ಫ್ಯಾನಿನ ಕೆಳಗೆ ಒಂದು ಗಂಟೆ ಇಟ್ಟು ಮತ್ತೆ ಒಳಗಿಡಿ. ಬಿಸಿಲು ಬಂದ ದಿನ ಹೊರಗೆ ತೆಗೆದು ನಾಲ್ಕು ಫೋಟೋ ಹೊಡೆಯಿರಿ, ಎದುರಿಗೆ ಹಕ್ಕಿ ಇಲ್ಲದಿದ್ದರೂ ಅಡ್ಡಿಯಿಲ್ಲ.